ಕೇಳಲು ಬಂದವಳು

"ತಡಿ, ತಡಿ" ಎಂದು ಕಸ್ತೂರಿಬಾಯಿ ತೊಗರಿಬೇಳೆಯ ಮೊರವನ್ನು ಕೆಳಗಿಟ್ಟಳು. "ಹಿಂದಿನ ಬಾಗಿಲಿಂದ ಬಂದ್ಳು ಅಂತ ಬರದಾನೇನು ಅಂವ? ತನ್ನ ಮನಿಗಿ ಬರ್ಲಾಕ ಆಕಿಗಿ ಹಿಂದಿನ ಬಾಗಿಲು ಯಾಕ ಬೇಕು? ಕಳ್ಳಿ ಏನು ಆಕಿ?"

ಚಂಪಾ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ನಕ್ಕಳು. ಮರಾಠಿ ಮಾಸಿಕದವರು ಏನೇ ಬರೆಯಲಿ, ಅಜ್ಜಿಗೆ ಅದರಲ್ಲೊಂದು ತಪ್ಪು ಸಿಕ್ಕೇ ಸಿಗುತ್ತಿತ್ತು. ಕಸ್ತೂರಿಬಾಯಿಗೆ ಅಕ್ಷರದ ಗಂಧವಿರಲಿಲ್ಲ. ಭಾಲ್ಕಿ ಕಡೆಯ ಹಳ್ಳಿಯಿಂದ ಮಗನ ಬೆನ್ನಿಗೆ ಬಂದವಳು. ಮೊದಲು ನಾಸಿಕ ರೋಡಿನಲ್ಲಿ, ಆಮೇಲೆ ಔರಂಗಾಬಾದಿನ, ಹಲವು ಬಿಡಾರಗಳ ಈ ವಾಡೆಯ ಎರಡು ಖೋಲಿಯ ಮನೆಯಲ್ಲಿ ಇಷ್ಟು ವರ್ಷ ಬಾಳಿದರೂ ಕೊತ್ತಂಬರಿ ಮಾರುವವಳ ಜೊತೆ ಜಗಳಕ್ಕೆ ಬೇಕಾದಷ್ಟೇ ಮರಾಠಿ ಕಲಿತಿದ್ದಳು. ಆದರೆ ದೆವ್ವದ ಮಾತು ಬಂದರೆ ಮಾತ್ರ ಆಕೆ ಹೇಳಿದ್ದೇ ಕಡೆಯ ಮಾತು, ಅದರ ಮೇಲೆ ಅಪೀಲಿಲ್ಲ.

ಈ ಹುಚ್ಚು ಹತ್ತಿ ಎರಡು ವರ್ಷವಾಗಿತ್ತು. ಚಂಪಾ ಎಂಟನೆಯ ಇಯತ್ತೆಯಲ್ಲಿದ್ದಾಗ ಗೆಳತಿಯೊಬ್ಬಳು ಭುಜಂಗರಾವನ ಬಾಡಿಗೆ ಪುಸ್ತಕದಂಗಡಿಯಿಂದ ತಂದ ಮಾಸಿಕವೊಂದನ್ನು ಕೊಟ್ಟಿದ್ದಳು. ಮುಖಪುಟದ ಮೇಲೆ ಹಸಿರು ಮೋರೆಯ ಹೆಂಗಸು. ವಾಡೆಯ ನಲ್ಲಿಯ ಮುಂದೆ ಮಟಮಟ ಮಧ್ಯಾಹ್ನ ಕೊಡ ಇಟ್ಟು, ನಿಂತಲ್ಲೇ ಓದಿದಳು. ಇಗತಪುರಿಯ ಘಟ್ಟದಲ್ಲಿ ಮಳೆಗೆ ನಿಂತುಬಿಟ್ಟ ಗೂಡ್ಸ್ ಗಾಡಿ, ಕೊನೆಯ ಡಬ್ಬಿಯಲ್ಲಿ ಒಬ್ಬನೇ ಗಾರ್ಡು, ಕಂದೀಲಿಗೆ ಬೆಂಕಿ ಬೇಡಿಕೊಂಡು ಬಂದ ಹೆಂಗಸು. ಬಗ್ಗಿ ನೋಡಿದರೆ ಆಕೆಯ ಪಾದಗಳು ಹಿಂದುಮುಂದು. ಚಂಪಾಳ ತೋಳಿನ ಕೂದಲೆಲ್ಲ ಎದ್ದು ನಿಂತವು. ಕೊಡ ತುಂಬಿ ನೀರು ಚೆಲ್ಲಿ ಹೋಗುತ್ತಿದ್ದರೂ ತಿಳಿಯಲಿಲ್ಲ, ಸಾಲಿನಲ್ಲಿದ್ದವರು ಬಾಯಿಗೆ ಬಂದಂತೆ ಬೈದರು. ಹೆದರಿಕೆಯಲ್ಲಿ ಇಷ್ಟು ರುಚಿಯಿದೆಯೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಒಬ್ಬಳೇ ಇಟ್ಟುಕೊಳ್ಳಲಾರದೆ ಬಂದು ಅಜ್ಜಿಗೆ ಒಪ್ಪಿಸಿದಳು. ಮುದುಕಿ ಕೊನೆಯವರೆಗೂ ಕೇಳಿ, ಆ ಹೆಂಗಸಿನ ಹೆಸರೇನು, ಯಾರ ಮನೆಯವಳು, ಯಾತರಿಂದ ಸತ್ತಳು ಎಂದು ವಿಚಾರಿಸಿದಳು. ಕಥೆಯಲ್ಲಿ ಅದೊಂದೂ ಇರಲಿಲ್ಲ. "ಹೆಸರಿಲ್ಲ, ಮನಿತನ ಇಲ್ಲ. ಅದೆಂಥ ದೆವ್ವ, ಬಿಡು. ಮತ್ತೊಂದು ತಾ" ಎಂದಳು.

ಅಂದಿನಿಂದ ಉಂಡಾದ ಮೇಲಿನ ಹೊತ್ತು ಇಬ್ಬರಿಗೂ ಅದೇ ಕೆಲಸ. ಚಂಪಾ ಮರಾಠಿಯಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳಬೇಕು. ಕನ್ನಡ ಆಕೆಗೆ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ತಡವರಿಸಿದಲ್ಲಿ ಅಜ್ಜಿ ಮಾತು ಒದಗಿಸುತ್ತಿದ್ದಳು. ಬೇರೆ ಹುಡುಗಿಯರು ಹಾಡುಹಸೆಯಿಂದ ಕಲಿಯುವ ನುಡಿಯನ್ನು ಈಕೆ ದೆವ್ವಗಳಿಂದ ಕಲಿತಳು. ಅಜ್ಜಿಯನ್ನು ಆಕೆ ಕರೆಯುತ್ತಿದ್ದುದು ಆಯಿ ಎಂದು, ಅವರ ಕಡೆ ಅಜ್ಜಿಗೆ ಅನ್ನುವುದೇ ಹಾಗೆ. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಇಷ್ಟು ಹಣ್ಣು ಮುದುಕಿ ನಿನ್ನ ತಾಯಿಯೇ ಎಂದು ವಾಡೆಯ ಮಕ್ಕಳು ನಗುತ್ತಿದ್ದ ಕಾಲದಲ್ಲಿ ಚಂಪಾ ಅವರಿಗೆ ಕಲ್ಲಿನಿಂದಲೇ ಉತ್ತರ ಕೊಟ್ಟಿದ್ದಳು.

ಅಪ್ಪ ವೈಜನಾಥನಿಗೆ ಈ ಓದು ಕಂಡರಾಗದು. ರೈಲ್ವೆಯ ಗೂಡ್ಸ್ ಕಚೇರಿಯಲ್ಲಿ ಗುಮಾಸ್ತ, ಲಿಂಗಪೂಜೆಯಾಗದೆ ನೀರು ಮುಟ್ಟದ ಮನುಷ್ಯ. ನಮ್ಮವರು ಸತ್ತರೆ ಲಿಂಗೈಕ್ಯರಾಗುತ್ತಾರೆ, ಶಿವನಲ್ಲಿ ಸೇರಿದವರು ತಿರುಗಿ ಬರುವುದಿಲ್ಲ, ದೆವ್ವ ಪಿಶಾಚಿ ನಮ್ಮೊಳಗಿಲ್ಲ ಎಂಬುದು ಆತನ ಖಂಡಿತದ ಮಾತು. ಒಮ್ಮೆ ಒಂದು ಮಾಸಿಕವನ್ನು ಬಚ್ಚಲೊಲೆಗೆ ತುರುಕಿದ್ದ. ಕಳೆದ ತಿಂಗಳು ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಸುದ್ದಿ ಬಂದಾಗ ಪತ್ರಿಕೆಯನ್ನು ತಾಯಿಯ ಮುಖದ ಮುಂದೆ ಹಿಡಿದು, ಜನ ಎಲ್ಲಿಗೆ ಹೋದರು, ನೀವಿಬ್ಬರೂ ಎಲ್ಲಿದ್ದೀರಿ ಎಂದು ಹಂಗಿಸಿದ್ದ. ಅಷ್ಟು ದೂರ ಹೋದವ ತಿರುಗಿ ಬರಬಹುದಾದರೆ ಸುಡುಗಾಡಿಗೆ ಹೋದವಳಿಗೆ ಅದೇನು ದೂರ ಎಂದು ಮುದುಕಿ ಅಂದಳು. ವೈಜನಾಥ ಮೋರೆ ಗಂಟು ಹಾಕಿಕೊಂಡು ಎದ್ದುಹೋದ.

ಚಂಪಾಳ ಓದಿನೊಳಗೆ ಒಂದು ಆಸೆಯಿತ್ತು, ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ. ತಾಯಿ ಪ್ರೇಮಾಬಾಯಿ ಎರಡನೆಯ ಹೆರಿಗೆಯಲ್ಲಿ, ಕೂಸಿನ ಸಮೇತ, ನಾಸಿಕ ರೋಡಿನಲ್ಲಿ ತೀರಿಕೊಂಡಾಗ ಚಂಪಾಳಿಗೆ ಐದು ತುಂಬಿರಲಿಲ್ಲ. ಮುಖ ನೆನಪಿಲ್ಲ. ನೆನಪಿದ್ದದ್ದು ಒಂದೇ ಒಂದು. ಅವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಸಿಂಗರಿಸಿ, ಹೂವಿನ ವಿಮಾನದಲ್ಲಿ ಕೂಡಿಸಿ, ಭಜನೆಯ ಜೊತೆ ಒಯ್ಯುತ್ತಾರೆ. ಅದು ಸಾವೆಂದು ಆ ಮಗುವಿಗೆ ಹೇಗೆ ತಿಳಿಯಬೇಕು? ಹಸಿರು ಸೀರೆಯುಟ್ಟ ಅವ್ವ ಎತ್ತರದಲ್ಲಿ ಕುಳಿತು ಮುಂದೆ ಮುಂದೆ ಹೋಗುತ್ತಿದ್ದಾಳೆ. ಹಿಂದೆ ಯಾರದೋ ಕಂಕುಳಲ್ಲಿ ನಾನು, ಮುಷ್ಟಿ ತುಂಬಿ ಏನನ್ನೋ ಎಸೆಯುತ್ತ ನಗುತ್ತಿದ್ದೇನೆ. ಹಾಕವ್ವ, ಇನ್ನಷ್ಟು ಹಾಕು ಎಂದು ಎಲ್ಲರೂ ಅನ್ನುತ್ತಿದ್ದಾರೆ. ನಾನು ಎಸೆದದ್ದೇನು ಎಂದು ಕೇಳಿದಾಗಲೆಲ್ಲ ಅಜ್ಜಿ, ಹೂವು, ನಿಮ್ಮವ್ವನ ಮೇಲೆ ಹೂವು ಎರಚಿದಿ ಎನ್ನುತ್ತಿದ್ದಳು. ಆ ಮೆರವಣಿಗೆಯನ್ನು ಚಂಪಾ ಹತ್ತು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದಳು. ಸತ್ತ ಹೆಂಗಸು ತಿರುಗಿ ಬರುವುದು ನಿಜವಾದರೆ ಅವ್ವನೂ ಒಂದು ದಿನ ಬಂದಾಳು, ಮುಖ ನೋಡಿಯೇನು. ಪಾದ ಹಿಂದುಮುಂದಿದ್ದರೆ ಇರಲಿ, ಅದಕ್ಕೇನಂತೆ.

ಇವತ್ತಿನ ಕಥೆಯಲ್ಲಿ ಬರುತ್ತಿದ್ದವಳೂ ಹೆರಿಗೆಯಲ್ಲಿ ಸತ್ತವಳೇ. ಬಾಗಿಲಿನ ತಕರಾರು ಮುಗಿದ ಮೇಲೆ ಚಂಪಾ ಮುಂದೆ ಓದಿ ಹೇಳಿದಳು. ಆಕೆ ದಿನಾ ಗಂಡನ ಮನೆಗೆ ಬರತೊಡಗಿದ್ದಕ್ಕೆ ಊರವರು ಹೆದರಿ ಪಾಟೀಲನ ಹತ್ತಿರ ಹೋಗುತ್ತಾರೆ. ಪಾಟೀಲ ಮಸಣದಿಂದ ಮನೆಯವರೆಗೆ ದಾರಿಯುದ್ದಕ್ಕೂ ತನ್ನ ಕೈಯಾರೆ ಸಾಸಿವೆ ಎರಚುತ್ತಾನೆ. ಸತ್ತವಳು ಅದನ್ನು ಒಂದೊಂದೇ ಕಾಳು ಆರಿಸಿ ಮುಗಿಸದೆ ಮನೆ ಮುಟ್ಟುವಂತಿಲ್ಲ.

ಕಸ್ತೂರಿಬಾಯಿಗೆ ಇದನ್ನು ತಡೆಯಲಾಗಲಿಲ್ಲ. "ಪಾಟೀಲ ಒಗದ್ರ ಏನಾಗ್ತದ? ಆಕಿ ತುಳಕೊಂಡು ಬರ್ತಾಳ. ಹಡದು ಸತ್ತಾಕಿಗಿ ಊರವ್ರ ಕೈಯಾಂದು ತಾಗಲ್ಲ. ಆಕಿ ಹೊಟ್ಟೀಲಿ ಹುಟ್ಟಿದ್ದು ಒಗೀಬೇಕು. ಮಗಳು ಒಗದದ್ದು ತಾಯಿ ದಾಟಂಗಿಲ್ಲ."

ಬರೆದವನ ಸೊಕ್ಕು ಮುರಿದ ಖುಷಿಯಲ್ಲಿ ಮುದುಕಿ ಮೊರವನ್ನು ಎತ್ತಿಕೊಂಡಳು. ಎರಡು ಹರಳು ಆರಿಸಿ ಎಸೆದಳು. ಆಮೇಲೆ ಕೈ ನಿಂತಿತು. ತಾನು ಏನು ಆಡಿದೆನೆಂದು ಆಗ ತಿಳಿಯಿತು ಆಕೆಗೆ. ತಲೆ ಎತ್ತದೆ, ಮುಂದೆ ಓದು, ಯಾಕೆ ನಿಲ್ಲಿಸಿದಿ ಎಂದಳು.

ಚಂಪಾ ಓದಲಿಲ್ಲ. ತನ್ನ ಅಂಗೈಯನ್ನು ನೋಡಿಕೊಂಡಳು. ಹೂವಾದರೆ ಕೈಗೆ ಮೆತ್ತಗಿರಬೇಕಿತ್ತು, ಬೆವರಿಗೆ ಅಂಟಬೇಕಿತ್ತು. ಅದು ಬೆರಳ ಸಂದಿಯಿಂದ ಸೋರಿಹೋಗುತ್ತಿತ್ತು, ನುಣ್ಣಗೆ, ಕಚಗುಳಿಯಿಟ್ಟಂತೆ. ಅದಕ್ಕೇ ತಾನು ನಕ್ಕಿದ್ದು. ಅಲ್ಲದೆ ಅವ್ವ ಮುಂದೆ, ಎತ್ತರದಲ್ಲಿ. ತಾನು ಎರಚಿದ್ದು ಹಿಂದೆ, ನೆಲಕ್ಕೆ. ಹೂವನ್ನು ಯಾರಾದರೂ ನೆಲಕ್ಕೆ ಎರಚುತ್ತಾರೆಯೇ? ಇಷ್ಟು ವರ್ಷ ಇದು ತನಗೆ ಹೊಳೆಯಲಿಲ್ಲವೆಂದು ಆಕೆಗೆ ತನ್ನ ಮೇಲೂ ಬೆಂಕಿಯಂಥ ಸಿಟ್ಟು ಬಂತು.

"ಆಯಿ, ಅವತ್ತ ನನ್ನ ಕೈಯಾಗ ಏನ್ ಕೊಟ್ಟಿದ್ದಿ?"

ಮುದುಕಿ ಮೊದಲು ಹೂವು ಅಂದಳು. ಆಮೇಲೆ ಒಂದೇ ಉಸಿರಿಗೆ ಹೇಳತೊಡಗಿದಳು. ಬಾಣಂತಿಯಾಗಿ ಸತ್ತವಳು ಉಳಿದ ಕೂಸನ್ನು ಒಯ್ಯಲು ಬಂದೇ ಬರುತ್ತಾಳೆ, ಹಿರಿಯರು ಕಂಡ ಮಾತು ಅದು. ಒಂದೇ ದಿನ ಎರಡು ಜೀವ ಹೋಗಿದ್ದವು, ಮನೆಯಲ್ಲಿ ಉಳಿದದ್ದು ನೀನೊಂದು. ನಿನ್ನನ್ನು ಉಳಿಸಿಕೊಳ್ಳಲು ಮಾಡಿದೆ, ತಪ್ಪೇನು ಮಾಡಿದೆ? ನಿನಗೆ ತಿಳಿಯುವ ವಯಸ್ಸಲ್ಲ, ಆಡುತ್ತ ಆಡುತ್ತ ಎರಚಿದಿ, ಮುಗಿಯಿತು.

"ನನ್ನ ಒಯ್ಲಾಕಲ್ಲ, ನನ್ನ ನೋಡ್ಲಾಕ ಬರ್ತಿದ್ಳು" ಎಂದಳು ಚಂಪಾ. ಆಕೆಯ ದನಿ ಆಕೆಗೇ ಗುರುತು ಸಿಗಲಿಲ್ಲ. "ನನ್ನ ಕೈಲಿಂದನ ಬಾಗಿಲಾ ಹಾಕಿಸಿದಿ. ಮ್ಯಾಲ ಹೂವು ಅಂತ ಹೇಳಿದಿ."

ಎಂಥ ಹೂವು! ಹತ್ತು ವರ್ಷ ಆ ಸುಳ್ಳನ್ನು ಮುದುಕಿ ಮುಡಿಸಿದಳು, ಈಕೆ ಮುಡಿದಳು. ಎಷ್ಟು ಸಲ ಆ ಮೆರವಣಿಗೆಯನ್ನು ನೆನೆದುಕೊಂಡು ಆಕೆ ನಗುನಗುತ್ತ ನಿದ್ದೆ ಹೋಗಿದ್ದಳು. ಆ ನೆನಪಿನ ಮೇಲೆಲ್ಲ ಈಗ ಯಾರೋ ಉಗಿದಂತಾಯಿತು. ಮಾಸಿಕವನ್ನು ಎಸೆದು ಒಳಗೆ ಹೋದಳು. ಒಗ್ಗರಣೆಯ ಡಬ್ಬಿಯಿಂದ ಸಾಸಿವೆಯ ಬಟ್ಟಲನ್ನು ಕಿತ್ತು ತಂದಳು. ಏನು ಮಾಡುತ್ತೀ, ಏನು ಮಾಡುತ್ತೀ ಎಂದು ಅಜ್ಜಿ ಏಳುವಷ್ಟರಲ್ಲಿ ಮುಂಬಾಗಿಲ ಹೊಸ್ತಿಲಿನ ಈ ತುದಿಯಿಂದ ಆ ತುದಿಯವರೆಗೆ ಸಾಸಿವೆ ಸುರಿದು, ತಾನು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತಳು.

ಮುದುಕಿ ಒಳಗಿನಿಂದ ಕರೆದಳು, ಬೈದಳು, ತನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಜನ ನೋಡುತ್ತಾರೆ, ಮಾನ ಹೋಗುತ್ತದೆ ಎಂದಳು. ಜನ ನೋಡುತ್ತಲೇ ಇದ್ದರು. ಎದುರು ಖೋಲಿಯ ಮರಾಠಿ ಹೆಂಗಸು ಕಾಯ್ ಝಾಲಂ, ಏನಾಯಿತು ಎಂದು ಬಂದು ಹಣಿಕಿದಾಗ ಕಸ್ತೂರಿಬಾಯಿ ಡಬ್ಬಿ ಬಿದ್ದು ಚೆಲ್ಲಿತು ಎಂದು ಹಲ್ಲು ಬಿಟ್ಟಳು. ಮತ್ತೊಂದು ಸುಳ್ಳು. ಚೆಲ್ಲಿದ್ದಾದರೆ ಗುಡಿಸಲಿ ನೋಡೋಣ, ಕಸಬರಿಗೆ ಕೈಗೆಟುಕುವಷ್ಟು ಹತ್ತಿರವಿದೆ ಎಂದು ಚಂಪಾ ಕಾದಳು. ಮುದುಕಿ ಕಸಬರಿಗೆ ಮುಟ್ಟಲಿಲ್ಲ, ಹೊಸ್ತಿಲ ಹತ್ತಿರವೂ ಸುಳಿಯಲಿಲ್ಲ. ಗೋಡೆಗೆ ಒರಗಿ ಕುಳಿತು ಆ ಕಪ್ಪು ಗೆರೆಯನ್ನೇ ನೋಡುತ್ತಿದ್ದಳು. ಚಂಪಾಳಿಗೆ ಹಸಿವೆಯಾಯಿತು, ಕಾಲು ಜೋಮು ಹಿಡಿಯಿತು. ಆದರೂ ಏಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ವೈಜನಾಥ ಸೈಕಲ್ಲು ತಳ್ಳಿಕೊಂಡು ವಾಡೆಯೊಳಗೆ ಬಂದ. ಮಗಳು ಹೊರಗೆ ಕುಳಿತಿರುವುದನ್ನು ನೋಡಿ, ಇದೇನು, ಒಳಗೆ ನಡೆ ಎಂದು ಗದರಿದ.

"ಹೆಂಗ ಬರ್ಲಿ ಅಪ್ಪ? ಸಾಸ್ವಿ ಬಿದ್ದದ."

ಆತ ಹೊಸ್ತಿಲನ್ನು ನೋಡಿದ. ಒಳಗೆ ತಾಯಿಯನ್ನು ನೋಡಿದ. ಯಾವ ಸಾಸಿವೆ, ಏನು ಮಾತು ಎಂದು ಕೇಳಲಿಲ್ಲ. ಒಂದು ಪ್ರಶ್ನೆಯನ್ನಾದರೂ ಕೇಳಬಾರದಿತ್ತೇ! ಕೇಳದೆಯೇ ಎಲ್ಲ ತಿಳಿದುಕೊಂಡ. ಅದನ್ನು ಕಂಡು ಚಂಪಾಳ ಹೊಟ್ಟೆಯಲ್ಲಿ ಹಸಿವೆಯಿದ್ದ ಜಾಗಕ್ಕೂ ಸಿಟ್ಟು ಇಳಿಯಿತು. ವೈಜನಾಥ ಚಪ್ಪಲಿ ಬಿಟ್ಟ. ಧೋತರದ ಅಂಚನ್ನು ಕೈಯಲ್ಲಿ ಹಿಡಿದುಕೊಂಡು, ಒಂದು ಕಾಳಿಗೂ ಕಾಲು ತಾಗದಂತೆ, ನೀರಿನ ಕಾಲುವೆ ದಾಟುವವನ ಹಾಗೆ ಹೊಸ್ತಿಲು ದಾಟಿ ಒಳಗೆ ನಿಂತ.

"ತುಳೀರಿ" ಎಂದಳು ಚಂಪಾ. "ನಮ್ಮೊಳಗ ದೆವ್ವ ಇಲ್ಲಲ್ಲ. ಬರೇ ಸಾಸ್ವಿ ಅದು. ತುಳೀರಿ, ನೋಡ್ತೀನಿ."

ಹುಡುಗಿಗೆ ನಾಲಿಗೆ ಉದ್ದವಾಯಿತು ಎಂದು ಆತ ತಾಯಿಯ ಕಡೆ ತಿರುಗಿ ಕೂಗಾಡಿದ. ಇದೆಲ್ಲ ನಿನ್ನಿಂದ, ಆ ಹೊಲಸು ಪುಸ್ತಕಗಳಿಂದ, ನಾಳೆಯಿಂದ ಒಂದು ಹಾಳೆ ಮನೆಗೆ ಬಂದರೆ ನೋಡು ಎಂದ. ಅವತ್ತೂ ಬೇಡ ಬೇಡವೆಂದು ನಾನು ಹೇಳಿದೆ, ನೀನು ಕೇಳಲಿಲ್ಲ ಎಂದ. ಇಷ್ಟು ಹೊತ್ತು ಮೆತ್ತಗಿದ್ದ ಮುದುಕಿ ಆ ಮಾತಿಗೆ ಹಾವಿನಂತೆ ತಲೆಯೆತ್ತಿದಳು.

"ನೀ ಯಾವಾಗ ಬ್ಯಾಡ ಅಂದಿ? ಸಾಸ್ವಿ ಅಂಗಡಿಂದ ತಂದು ಕೊಟ್ಟಾಂವ ಯಾರು? ನಾ ಕೂಸಿನ ಸಲುವಾಗಿ ಅಂಜಿದ್ದೆ. ನೀ ಯಾಕ ಅಂಜಿದ್ದಿ, ಹೇಳು ಆಕಿಗಿ. ತಿಂಗಳು ತುಂಬೂದ್ರಾಗ ಕೈಕಾಲು ಹಿಡದು ಬದಲಿ ಮಾಡಿಸ್ಕೊಂಡು ನಾಸಿಕ ಬಿಟ್ಟು ಓಡಿ ಬಂದಿ. ಎಲ್ಲಾ ನನ್ನ ತಲಿ ಮ್ಯಾಲ ಹಾಕಬ್ಯಾಡ."

ವೈಜನಾಥ ಟೋಪಿ ತೆಗೆದು ಗೂಟಕ್ಕೆ ಹಾಕಲು ಹೋದ, ಅದು ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ಚಂಪಾ ಕಟ್ಟೆಯಿಂದ ಎದ್ದು ಬಂದು ಬಾಗಿಲಲ್ಲಿ, ಸಾಸಿವೆಯ ಆಚೆಗೆ ನಿಂತಳು. ಮಧ್ಯಾಹ್ನ ಓದಿದ್ದ ಕಥೆ, ಎರಡು ವರ್ಷ ಓದಿದ್ದ ಅಷ್ಟೂ ಕಥೆ ಈಗ ಆಕೆಗೆ ಹೊಸದಾಗಿ ಅರ್ಥವಾಗುತ್ತಿತ್ತು. ಆ ಹೆಂಗಸರು ಸುಮ್ಮನೆ ಬರುವುದಿಲ್ಲ. ಅವರಿಗೆ ಏನೋ ಕೇಳುವುದಿರುತ್ತದೆ. ಒಳಗಿದ್ದವರಿಗೆ ಅದು ಗೊತ್ತಿರುತ್ತದೆ, ಅದಕ್ಕೇ ಊರಿಗೆ ಊರೇ ಅವರಿಗೆ ಅಡ್ಡ ನಿಲ್ಲುತ್ತದೆ. ಪಾದದ ಮಾತೆಲ್ಲ ಆಮೇಲಿನದು.

"ಅವ್ವ ಬಂದಿದ್ರ ಏನ್ ಕೇಳ್ತಿದ್ಳು?"

ವೈಜನಾಥ ತಾಯಿಯ ಕಡೆ ನೋಡಿದ. ಚಂಪಾ ಬಿಡಲಿಲ್ಲ.

"ಆಕಿಗಂತೂ ದಾರಿ ಕಟ್ಟೀರಿ. ಆಕಿ ಬರ್ಲಿಲ್ಲ. ನಾ ಕೇಳ್ತೀನಿ, ಹೇಳ್ರಿ. ಅವತ್ತ ಏನಾಗಿತ್ತು?"

ವೈಜನಾಥ ಗೋಡೆ ಹಿಡಿದು ನೆಲಕ್ಕೆ ಕುಳಿತ. ಚಾಪೆ ಹಾಸದೆ ಎಂದೂ ಕುಳಿತವನಲ್ಲ. ತನ್ನ ಮೊಣಕಾಲನ್ನೇ ತಿಕ್ಕಿಕೊಳ್ಳುತ್ತಿದ್ದ. ಆಮೇಲೆ ಹೇಳತೊಡಗಿದ. ಅಂದು ಭಾನುವಾರ. ದೊಡ್ಡ ಸಾಹೇಬರು ಊಟಕ್ಕೆ ಬರುವವರಿದ್ದರು. ಬಡ್ತಿ ಅವರ ಕೈಯಲ್ಲಿತ್ತು. ಹೋಳಿಗೆಯ ಊಟ ಹಾಕುತ್ತೇನೆಂದು ತಾನೇ ಅವರಿಗೆ ದುಂಬಾಲು ಬಿದ್ದು ಹೇಳಿದ್ದ. ನಸುಕಿನಲ್ಲೇ ಹೂರಣಕ್ಕೆ ಬೇಳೆ ಬೇಯಿಸಲು ಇಟ್ಟಾಗಿತ್ತು. ಕಸ್ತೂರಿಬಾಯಿ ಮೂಲೆಯಿಂದ, ಹೋಳಿಗೆಯೊಂದು ಆಗಿಬಿಡಲಿ ಅಂತ ನಾನೂ ಅಂದಿದ್ದೆ ಎಂದಳು. ಆಕೆಯ ದನಿ ಈಗ ಸಣ್ಣದಾಗಿತ್ತು.

ಮನೆಯಲ್ಲಿ ದೀಪ ಹಚ್ಚಿರಲಿಲ್ಲ. ಹೊರಗಿನ ಬೆಳಕು ಚಂಪಾಳ ಬೆನ್ನ ಹಿಂದಿತ್ತು. ಒಳಗೆ ಕುಳಿತವನಿಗೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ ಎಂಬಷ್ಟು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ವೈಜನಾಥ ತಲೆಯೆತ್ತಿ ಆ ಕಡೆ ನೋಡಿದ.

"ನೀ ಮುಂಜಾನೇನ ಹೇಳಿದ್ದಿ, ಪ್ರೇಮಾ" ಎಂದ. "ಬ್ಯಾನಿ ಸುರು ಆಗ್ಯಾವ, ದವಾಖಾನಿಗಿ ಹೋಗೋಣು ಅಂತ ಹೇಳಿದ್ದಿ. ನಾನ ಕೇಳ್ಲಿಲ್ಲ. ಊಟ ಆಗ್ಲಿ, ಅಲ್ಲಿತನಕ ತಡಕೋ ಅಂದೆ."

ನಾನು ಪ್ರೇಮಾ ಅಲ್ಲ ಎಂದು ಚಂಪಾ ಹೇಳಬಹುದಿತ್ತು, ಹೇಳಲಿಲ್ಲ. ಸಿಟ್ಟು ಹಾಗೇ ಇತ್ತು, ಒಂದು ಕಾಳಿನಷ್ಟೂ ಕಡಿಮೆಯಾಗಿರಲಿಲ್ಲ. ಎರಡೂ ಕೈಯಿಂದ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು.

"ಮುಂದ ಹೇಳ್ರಿ" ಎಂದಳು.

"ಸಾಯೇಬ್ರು ಇನ್ನೊಂದು ಹೋಳಿಗಿ ಬೇಕಂದ್ರು. ನೀ ಗ್ವಾಡಿ ಹಿಡಕೊಂಡು ಬಂದು ನೀಡಿದಿ. ನಿನ್ನ ಮಾರಿ ಬೆವತಿತ್ತು. ನಾ ನೋಡಿದೆ. ನೋಡಿನೂ ತುಪ್ಪ ತಾ ಅಂದೆ..."

ಆತ ಹೇಳುತ್ತಲೇ ಹೋದ. ನಡುವೆ ಕಸ್ತೂರಿಬಾಯಿ ಕುಳಿತಲ್ಲಿಂದಲೇ ಸರಿಯುತ್ತ ಸರಿಯುತ್ತ ಹೊಸ್ತಿಲ ಹತ್ತಿರ ಬಂದಳು. ಬಾಗಿಲಲ್ಲಿ ನಿಂತವಳ ಮುಖವನ್ನು ನೋಡಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಅಂಗೈಯ ಅಂಚಿನಿಂದ ಸಾಸಿವೆಯನ್ನು ಆಚೆಗಿಷ್ಟು ಈಚೆಗಿಷ್ಟು ಸರಿಸಿದಳು. ಗೆರೆಯ ನಡುವೆ ಒಂದು ಹೆಜ್ಜೆ ಇಡುವಷ್ಟು ನೆಲ ಬಿಟ್ಟುಕೊಂಡಿತು.